ವಿಮಾನದ ಹೊಗೆ ಹುಟ್ಟುವ ಬಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಂಗಳೂರು ವಿಮಾನ ನಿಲ್ದಾಣವಿರುವ ಬಜ್ಪೆ, ಸುತ್ತಲಿನ ಸುರತ್ಕಲ್, ಕಿನ್ನಿಗೋಳಿ, ಉಡುಪಿ ಕಡೆಯ ಓದುಗರು ಜೆಟ್ ಎಂಜಿನ್ನಿನ ಹೊಗೆಯ ಬಗ್ಗೆ ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ನಮ್ಮ ಮನೆ ವಿಮಾನ ನಿಲ್ದಾಣದ ಪಡುಬದಿಯ ಇಳಿಜಾರಿನಲ್ಲಿದೆ. ಬೆಳಿಗ್ಗೆ ಹೊತ್ತು ಚಿಮಿಣಿ ಎಣ್ಣೆಯ ವಾಸನೆ ಬರುತ್ತದೆ. ಇಳಿಯುವ ಮೊದಲು ವಿಮಾನದವರು ಉಳಿದ ಎಣ್ಣೆಯನ್ನು ಮೇಲಿಂದ ಚೆಲ್ಲುತ್ತಾರೆ ಅಂತ ಇಲ್ಲಿ ಎಲ್ಲರೂ ಹೇಳುತ್ತಾರೆ. ಹೌದಾ? (ಗೃಹಿಣಿ, ಬಜ್ಪೆ)

ಉತ್ತರ: ಇಲ್ಲ. ಮಂಗಳೂರಿಗೆ ಬಂದುಹೋಗುವ ಬೋಯಿಂಗ್ 737, ಏರ್‌ಬಸ್ ಎ320 ಜಾತಿಯ ವಿಮಾನಗಳಲ್ಲಿ ಹಾರುತ್ತ ಇಂಧನ ಚೆಲ್ಲುವ ವ್ಯವಸ್ಥೆಯೇ ಇಲ್ಲ. ಅದು ಇರುವುದು 777ರಂಥ ದೊಡ್ಡ ವಿಮಾನಗಳಲ್ಲಿ. ಅಲ್ಲೂ ತುರ್ತಾಗಿ ಭಾರ ಇಳಿಸಬೇಕಾದಾಗ ಮಾತ್ರ ಬಳಸುತ್ತಾರೆ.

ಆದರೆ ನಿಮ್ಮ ಮೂಗು ಸುಳ್ಳು ಹೇಳುತ್ತಿಲ್ಲ. ಆ ವಾಸನೆ ನೆಲದ ಮೇಲೆ ನಿಧಾನವಾಗಿ ಓಡುತ್ತಿರುವ ಎಂಜಿನ್ನಿನದ್ದು. ಎಂಜಿನ್ ಐಡ್ಲಿಂಗ್‌ನಲ್ಲಿರುವಾಗ ಕಂಪ್ರೆಸರ್ ಗಾಳಿಯನ್ನು ಸರಿಯಾಗಿ ಒತ್ತುವುದಿಲ್ಲ. ದಹನಕೋಣೆಗೆ ಬರುವ ಗಾಳಿಯ ಒತ್ತಡ ವಾತಾವರಣದ ಮೂರು–ನಾಲ್ಕು ಪಟ್ಟು ಮಾತ್ರ, ಬಿಸಿಯೂ ಸಾಲದು. ಇಂಧನದ ಹರಿವು ಕಡಿಮೆ, ಹಾಗಾಗಿ ಇಂಧನ ಸಿಂಪಡಿಸುವ ನಾಝಲ್‌ನಲ್ಲಿ ಒತ್ತಡವೂ ಕಡಿಮೆ. ಅಡಿಕೆಗೆ ಬೋರ್ಡೋ ಹೊಡೆಯುವಾಗ ಪಂಪಿನ ಒತ್ತಡ ಇಳಿದರೆ ಮಂಜಿನಂತೆ ಬರಬೇಕಾದ ದ್ರಾವಣ ದಪ್ಪ ಹನಿಗಳಾಗಿ ಬೀಳುತ್ತದಲ್ಲ, ಇಲ್ಲೂ ಅದೇ ಆಗುತ್ತದೆ. ದಪ್ಪ ಹನಿ ಆವಿಯಾಗಲು ಹೆಚ್ಚು ಹೊತ್ತು ಬೇಕು. ದಹನಕೋಣೆಯೊಳಗೆ ಅನಿಲ ನಿಲ್ಲುವುದೋ ಕೆಲವೇ ಮಿಲಿಸೆಕೆಂಡು.

ಇನ್ನೊಂದು ಸಂಗತಿಯಿದೆ. ದಹನಕೋಣೆಯ ಲೋಹದ ಗೋಡೆ ಕರಗದಿರಲಿ ಅಂತ ಅದರ ಒಳಮೈಗೆ ತಂಪು ಗಾಳಿಯ ತೆಳು ಪದರ ಹರಿಸುತ್ತಾರೆ. ಅರ್ಧ ಉರಿದ ಆವಿ ಆ ಪದರಕ್ಕೆ ತಾಗಿದರೆ ಉರಿ ಅಲ್ಲೇ ನಂದುತ್ತದೆ. ಹೀಗೆ ಉಳಿದದ್ದು ಎಥಿಲೀನ್, ಫಾರ್ಮಾಲ್ಡಿಹೈಡ್, ಅಸಿಟಾಲ್ಡಿಹೈಡ್ ಮತ್ತು ಸ್ವಲ್ಪ ಹಸಿ ಇಂಧನವಾಗಿ ಹಿಂದಿನಿಂದ ಹೊರಬರುತ್ತದೆ. ಆಲ್ಡಿಹೈಡ್‌ಗಳು ತೀರಾ ಅಲ್ಪ ಪ್ರಮಾಣದಲ್ಲಿದ್ದರೂ ಮೂಗಿಗೆ ತಿಳಿಯುತ್ತವೆ, ಕಣ್ಣೂ ಉರಿಯುತ್ತದೆ. ಇಂಗಾಲವೆಲ್ಲ ಕಾರ್ಬನ್ ಡೈಆಕ್ಸೈಡ್ ಆಗುವ ಮೊದಲೇ ಉರಿ ತಣಿದುಬಿಟ್ಟರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಕೂಡ ಉಳಿಯುತ್ತದೆ. ತಣ್ಣಗಿನ ಎಂಜಿನ್ನನ್ನು ಸ್ಟಾರ್ಟ್ ಮಾಡುವಾಗ ಕಿಡಿ ಹತ್ತುವ ಮೊದಲಿನ ಕ್ಷಣಗಳಲ್ಲಿ ಇಂಧನ ಹಾಗೆಯೇ ಆವಿಯಾಗಿ ಹೋಗುವುದುಂಟು. ಕೆಲವೊಮ್ಮೆ ಬಾಲದ ಕಡೆ ಬಿಳಿ ಮುಗಿಲಿನಂತೆ ಕಾಣುವುದು ಅದೇ.

ಬೆಳಿಗ್ಗೆಯೇ ಏಕೆಂದರೆ, ನಮ್ಮ ಕರಾವಳಿಯಲ್ಲಿ ರಾತ್ರಿಯಿಂದ ಬೆಳಗಿನ ತನಕ ನೆಲದ ಗಾಳಿ ಮೂಡಣದಿಂದ ಕಡಲಿನತ್ತ ಮೆಲ್ಲಗೆ ಇಳಿಯುತ್ತದೆ. ರನ್‌ವೇ ಇರುವುದು ಸಮುದ್ರಮಟ್ಟದಿಂದ ಸುಮಾರು 100 ಮೀಟರ್ ಎತ್ತರದ ಗುಡ್ಡದ ನೆತ್ತಿಯಲ್ಲಿ. ತಂಪು ಗಾಳಿ ಮೇಲೇಳದೆ ಇಳಿಜಾರು ಹಿಡಿದು ನಿಮ್ಮಲ್ಲಿಗೆ ಬರುತ್ತದೆ. ಮಧ್ಯಾಹ್ನ ಕಡಲ ಗಾಳಿ ಎದ್ದಮೇಲೆ ವಾಸನೆ ಮೂಡುಬದಿಯವರ ಪಾಲಾಗುತ್ತದೆ, ಆದರೆ ಬಿಸಿಲಿಗೆ ಗಾಳಿ ಕದಡುವುದರಿಂದ ಅಷ್ಟು ದಟ್ಟವಾಗಿರುವುದಿಲ್ಲ.

ಪ್ರಶ್ನೆ: ಟೇಕಾಫ್ ಆಗುವಾಗ ಹಿಂದೆ ಹೊಗೆ ಕಾಣುವುದೇ ಇಲ್ಲ. ಪೂರ್ತಿ ಶಕ್ತಿಯಲ್ಲಿ ಇಂಧನ ಚೆನ್ನಾಗಿ ಉರಿಯುತ್ತದೆ ಅಂದಮೇಲೆ ಎಂಜಿನ್ ಅತ್ಯಂತ ಶುದ್ಧವಾಗಿರುವುದು ಆಗಲೇ ಅಲ್ಲವೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಸುರತ್ಕಲ್)

ಉತ್ತರ: ಅರ್ಧ ಸರಿ. ಇಂಧನ ಚೆನ್ನಾಗಿ ಉರಿಯುತ್ತದೆ ಎಂಬುದೇ ಉಳಿದರ್ಧದ ತೊಂದರೆಗೆ ಕಾರಣ.

ಪೂರ್ತಿ ಶಕ್ತಿಯಲ್ಲಿ 737–800ರ ಸಿಎಫ್‌ಎಂ56 ಎಂಜಿನ್ ಗಾಳಿಯನ್ನು 25 ಪಟ್ಟಿಗೂ ಹೆಚ್ಚು ಒತ್ತುತ್ತದೆ. ಬರೀ ಒತ್ತುವುದರಿಂದಲೇ ಗಾಳಿಯ ಬಿಸಿ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಅಂಥ ಗಾಳಿಗೆ ಇಂಧನ ಬಿದ್ದರೆ ಜ್ವಾಲೆಯ ಅತಿ ಬಿಸಿ ಜಾಗಗಳಲ್ಲಿ ಉಷ್ಣತೆ 2,300 ಕೆಲ್ವಿನ್‌ಗಿಂತ (ಸುಮಾರು 2,000 ಡಿಗ್ರಿ ಸೆಲ್ಸಿಯಸ್) ಮೇಲೆ ಹೋಗುತ್ತದೆ. ಗಾಳಿಯ ಶೇ. 78 ಭಾಗ ಸಾರಜನಕ (ನೈಟ್ರೋಜನ್). ಅದರ ಎರಡು ಪರಮಾಣುಗಳ ನಡುವಿನ ತ್ರಿಬಂಧ ಮುರಿಯಲು ಬಹಳ ಶಕ್ತಿ ಬೇಕು (ಮೋಲ್‌ಗೆ ಸುಮಾರು 945 ಕಿಲೋಜೂಲ್). ಹಾಗಾಗಿಯೇ ಮಾಮೂಲಿ ಬೆಂಕಿಯಲ್ಲಿ ಸಾರಜನಕ ತನ್ನಷ್ಟಕ್ಕೆ ತಾನಿರುತ್ತದೆ. ಆದರೆ ಈ ಬಿಸಿಯಲ್ಲಿ ಆಮ್ಲಜನಕದ ಕೆಲವು ಅಣುಗಳು ಒಡೆದು ಒಂಟಿ ಪರಮಾಣುಗಳಾಗಿರುತ್ತವೆ. ಅಂಥದ್ದೊಂದು ಸಾರಜನಕದ ಅಣುವಿಗೆ ಬಡಿದರೆ ನೈಟ್ರಿಕ್ ಆಕ್ಸೈಡ್ ಹುಟ್ಟಿ ಒಂದು ಸಾರಜನಕ ಪರಮಾಣು ಬಿಡುಗಡೆಯಾಗುತ್ತದೆ. ಬಿಡುಗಡೆಯಾದದ್ದು ಸುಮ್ಮನಿರುವುದಿಲ್ಲ. ಪಕ್ಕದ ಆಮ್ಲಜನಕದ ಅಣುವಿಗೆ ಅಂಟಿ ಇನ್ನೊಂದು ನೈಟ್ರಿಕ್ ಆಕ್ಸೈಡ್ ಮಾಡುತ್ತದೆ, ಮತ್ತೊಂದು ಒಂಟಿ ಆಮ್ಲಜನಕವನ್ನು ಹೊರಗೆ ಬಿಡುತ್ತದೆ. ಸರಪಳಿ ಮುಂದುವರಿಯುತ್ತದೆ. ಸೋವಿಯತ್ ವಿಜ್ಞಾನಿ ಯಾಕೊವ್ ಝೆಲ್ಡೊವಿಚ್ ವಿವರಿಸಿದ ಈ ದಾರಿಗೆ ಅವರದೇ ಹೆಸರಿದೆ. ಹೈಡ್ರಾಕ್ಸಿಲ್ (ಒಂದು ಆಮ್ಲಜನಕ, ಒಂದು ಜಲಜನಕ ಕೂಡಿದ ತುಣುಕು) ಸೇರುವ ಮೂರನೆಯ ಹೆಜ್ಜೆಯನ್ನು ಆಮೇಲೆ ಸೇರಿಸಲಾಯಿತು.

ಮೊದಲ ಹೆಜ್ಜೆಗೆ ಬೇಕಾದ ಶಕ್ತಿ ತುಂಬಾ ದೊಡ್ಡದು, ಆದ್ದರಿಂದ ಸುಮಾರು 1,800 ಕೆಲ್ವಿನ್‌ಗಿಂತ ಕೆಳಗೆ ಈ ಸರಪಳಿ ಬಹುತೇಕ ಮಲಗಿರುತ್ತದೆ. ಅದರಿಂದ ಮೇಲೆ ಪ್ರತಿ ನೂರು ಡಿಗ್ರಿಗೂ ವೇಗ ಜಿಗಿಯುತ್ತದೆ. ಜ್ವಾಲೆಯ ಸರಾಸರಿ ಉಷ್ಣತೆ ಎಷ್ಟು ಎಂಬುದಕ್ಕಿಂತ ಒಳಗೆ ಬಿಸಿ ಮೂಲೆಗಳು ಎಷ್ಟಿವೆ, ಅನಿಲ ಅಲ್ಲಿ ಎಷ್ಟು ಹೊತ್ತು ನಿಂತಿತು ಎಂಬುದೇ ಮುಖ್ಯ. ಜ್ವಾಲೆಯ ಅಂಚಿನಲ್ಲಿ ಹೈಡ್ರೋಕಾರ್ಬನ್ ತುಣುಕುಗಳೇ ನೇರವಾಗಿ ಸಾರಜನಕವನ್ನು ಹಿಡಿಯುವ ಇನ್ನೊಂದು ದಾರಿಯೂ ಇದೆ. ಪೂರ್ತಿ ಶಕ್ತಿಯಲ್ಲಿ ಅದರ ಪಾಲು ಚಿಕ್ಕದು.

ಇಷ್ಟೊಂದು ನೈಟ್ರಿಕ್ ಆಕ್ಸೈಡ್ ತಣಿಯುವಾಗ ಮತ್ತೆ ಸಾರಜನಕ, ಆಮ್ಲಜನಕ ಆಗಬೇಕಲ್ಲವೇ ಎಂದು ರಸಾಯನಶಾಸ್ತ್ರ ಓದಿದವರು ಕೇಳಬಹುದು. ಸಾವಧಾನವಾಗಿ ತಣಿದಿದ್ದರೆ ಆಗುತ್ತಿತ್ತು. ಆದರೆ ದಹನಕೋಣೆಯಲ್ಲೇ ಹೊಸ ಗಾಳಿ ಬೆರೆತು, ಬಿಸಿ ಅನಿಲದಿಂದ ತಿರುಗುವ ಟರ್ಬೈನ್ ಚಕ್ರವನ್ನು ಹಾದುಹೋಗುವಷ್ಟರಲ್ಲಿ ಅನಿಲದ ಬಿಸಿ ಎಷ್ಟು ಬೇಗ ಇಳಿಯುತ್ತದೆಂದರೆ, ಹಿಂದಿರುಗುವ ಕ್ರಿಯೆಗೆ ಸಮಯವೇ ಸಿಗುವುದಿಲ್ಲ. ಇದ್ದದ್ದು ಇದ್ದ ಹಾಗೆ ಉಳಿದುಬಿಡುತ್ತದೆ.

ಈಗ ಲೆಕ್ಕ ನೋಡಿ. ಸಿಎಫ್‌ಎಂ56–7ಬಿ26 ಮಾದರಿ ಐಡ್ಲಿಂಗ್‌ನಲ್ಲಿ ಸೆಕೆಂಡಿಗೆ ಸುಮಾರು 0.11 ಕಿಲೋ ಇಂಧನ ಕುಡಿಯುತ್ತದೆ, ಟೇಕಾಫ್‌ನಲ್ಲಿ ಸುಮಾರು 1.2 ಕಿಲೋ. ಒಂದು ಕಿಲೋ ಇಂಧನಕ್ಕೆ ಬರುವ ಕಾರ್ಬನ್ ಮೊನಾಕ್ಸೈಡ್ ಐಡ್ಲಿಂಗ್‌ನಲ್ಲಿ ಸುಮಾರು 19 ಗ್ರಾಂ, ಟೇಕಾಫ್‌ನಲ್ಲಿ 1 ಗ್ರಾಮಿಗೂ ಬಹಳ ಕಡಿಮೆ. ನೈಟ್ರಿಕ್ ಆಕ್ಸೈಡ್, ನೈಟ್ರೋಜನ್ ಡೈಆಕ್ಸೈಡ್ ಎರಡೂ ಸೇರಿದ ನೈಟ್ರೋಜನ್ ಆಕ್ಸೈಡ್‌ಗಳ ಕಥೆ ತಿರುಗಾಮುರುಗಾ: ಐಡ್ಲಿಂಗ್‌ನಲ್ಲಿ 4–5 ಗ್ರಾಂ, ಟೇಕಾಫ್‌ನಲ್ಲಿ ಸುಮಾರು 29 ಗ್ರಾಂ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಎಂಜಿನ್ ಪರೀಕ್ಷೆಗೆ ಇಟ್ಟಿರುವ ಮಾದರಿ ಚಕ್ರದಲ್ಲಿ ಟೇಕಾಫ್‌ಗೆ 0.7 ನಿಮಿಷ, ಮೇಲೇರಲು 2.2, ಇಳಿಯಲು 4, ನೆಲದ ಮೇಲಿನ ಓಡಾಟಕ್ಕೆ 26 ನಿಮಿಷ. ಗುಣಿಸಿದರೆ, ಎರಡು ಎಂಜಿನ್ ಸೇರಿ ಟೇಕಾಫ್‌ನ 42 ಸೆಕೆಂಡಿನಲ್ಲಿ ಸುಮಾರು 3 ಕಿಲೋ ನೈಟ್ರೋಜನ್ ಆಕ್ಸೈಡ್ ಬರುತ್ತದೆ. 26 ನಿಮಿಷದ ಐಡ್ಲಿಂಗ್‌ನಲ್ಲಿ ಬರುವುದು ಅದರ ಅರ್ಧದಷ್ಟು. ಅದೇ 26 ನಿಮಿಷದಲ್ಲಿ ಕಾರ್ಬನ್ ಮೊನಾಕ್ಸೈಡ್ ಮಾತ್ರ ಆರೂವರೆ ಕಿಲೋ. ಮಂಗಳೂರಿನಂಥ ನಿಲ್ದಾಣದಲ್ಲಿ ನೆಲದ ಮೇಲೆ ಅಷ್ಟು ಹೊತ್ತು ಬೇಕಾಗುವುದಿಲ್ಲ, ಆದರೆ ಅನುಪಾತ ತಿಳಿಯಲು ಈ ಲೆಕ್ಕ ಸಾಕು.

ಇನ್ನೊಂದು ಸೂಕ್ಷ್ಮ. ಪೂರ್ತಿ ಶಕ್ತಿಯಲ್ಲಿ ಹೊರಬರುವುದು ಬಹುಪಾಲು ನೈಟ್ರಿಕ್ ಆಕ್ಸೈಡ್. ಐಡ್ಲಿಂಗ್‌ನಲ್ಲಿ ಒಟ್ಟು ಪ್ರಮಾಣ ಕಡಿಮೆಯಾದರೂ ಅದರ ಹೆಚ್ಚಿನ ಭಾಗ ಆಗಲೇ ನೈಟ್ರೋಜನ್ ಡೈಆಕ್ಸೈಡ್ ಆಗಿರುತ್ತದೆ. ಉಸಿರಾಟಕ್ಕೆ ಹೆಚ್ಚು ಕೆಟ್ಟದ್ದು ಈ ಎರಡನೆಯದೇ. ವಿಮಾನದ ಹತ್ತಿರ ಕೆಲಸ ಮಾಡುವವರು ಇದನ್ನು ನೆನಪಿಡಬೇಕು.

ಪ್ರಶ್ನೆ: ಹೊಸ ಎಂಜಿನ್‌ಗಳು ಇಂಧನ ಕಡಿಮೆ ಕುಡಿಯುತ್ತವೆ. ಹಾಗಾದರೆ ನೈಟ್ರೋಜನ್ ಆಕ್ಸೈಡ್ ಕೂಡ ತಾನಾಗಿ ಇಳಿಯಬೇಕಲ್ಲ? (ಉಪನ್ಯಾಸಕರು, ಮೂಲ್ಕಿ)

ಉತ್ತರ: ತಾನಾಗಿ ಇಳಿಯುವುದಿಲ್ಲ. ಇಂಧನ ಉಳಿಸಲು ಇರುವ ನೇರ ದಾರಿ ಗಾಳಿಯನ್ನು ಇನ್ನೂ ಹೆಚ್ಚು ಒತ್ತುವುದು. ಹೆಚ್ಚು ಒತ್ತಿದರೆ ಗಾಳಿ ಹೆಚ್ಚು ಬಿಸಿ, ಜ್ವಾಲೆಯೂ ಹೆಚ್ಚು ಬಿಸಿ. ಕಾರ್ಬನ್ ಡೈಆಕ್ಸೈಡ್ ಇಳಿಸಲು ಹೋದರೆ ನೈಟ್ರೋಜನ್ ಆಕ್ಸೈಡ್ ಏರುತ್ತದೆ. ಅಂತರರಾಷ್ಟ್ರೀಯ ಮಿತಿ ಕೂಡ ಒತ್ತುವ ಅನುಪಾತ ಹೆಚ್ಚಿದಂತೆ ಸಡಿಲವಾಗುತ್ತ ಹೋಗುವುದು ಈ ಕಾರಣಕ್ಕೇ. ಆದ್ದರಿಂದ ದಹನಕೋಣೆಯ ವಿನ್ಯಾಸವನ್ನೇ ಬದಲಿಸಬೇಕು.

ಇಂಧನ ಮತ್ತು ಗಾಳಿ ಸರಿಯಾಗಿ ಹೊಂದುವ ಪ್ರಮಾಣ ಒಂದು ಕಿಲೋ ಇಂಧನಕ್ಕೆ ಸುಮಾರು 14.7 ಕಿಲೋ ಗಾಳಿ. ಅದರ ಆಸುಪಾಸಿನಲ್ಲೇ ಜ್ವಾಲೆ ಅತಿ ಬಿಸಿ. ಅದನ್ನು ತಪ್ಪಿಸಲು ಎರಡು ಉಪಾಯಗಳಿವೆ. ಮೊದಲನೆಯದರಲ್ಲಿ ಮುಂಭಾಗದಲ್ಲಿ ಇಂಧನ ಬೇಕೆಂದೇ ಹೆಚ್ಚಿಟ್ಟು ಉರಿಸಿ, ಪಕ್ಕದ ತೂತುಗಳಿಂದ ಒಮ್ಮೆಲೇ ಗಾಳಿ ನುಗ್ಗಿಸಿ, ಅತಿ ಬಿಸಿಯ ಆ ಪ್ರಮಾಣವನ್ನು ಕ್ಷಣದಲ್ಲಿ ದಾಟಿ, ಗಾಳಿ ಹೆಚ್ಚಿರುವ ಸ್ಥಿತಿಗೆ ಒಯ್ಯುತ್ತಾರೆ. ಪ್ರ್ಯಾಟ್ ಅಂಡ್ ವಿಟ್ನಿಯ ಎಂಜಿನ್‌ಗಳಲ್ಲಿ ಇದೇ ಕ್ರಮ. ಇಲ್ಲಿ ಕೆಡುವುದು ಬೆರಕೆಯಲ್ಲಿ. ಗಾಳಿ ಸಮನಾಗಿ ನುಗ್ಗದಿದ್ದರೆ ಒಂದು ಬದಿಯಲ್ಲಿ ಮಸಿ, ಇನ್ನೊಂದು ಬದಿಯಲ್ಲಿ ನೈಟ್ರೋಜನ್ ಆಕ್ಸೈಡ್, ಎರಡೂ ಸಿಗುತ್ತವೆ. ಎರಡನೆಯದರಲ್ಲಿ ಇಂಧನವನ್ನು ಮೊದಲೇ ಹೆಚ್ಚು ಗಾಳಿಯೊಂದಿಗೆ ಬೆರೆಸಿ ತೆಳುವಾಗಿ ಉರಿಸುತ್ತಾರೆ. 737 ಮ್ಯಾಕ್ಸ್‌ನ ಲೀಪ್ ಎಂಜಿನ್ನಿನಲ್ಲಿ ನಾಝಲ್‌ನ ನಡುವೆ ಸದಾ ಉರಿಯುವ ಸಣ್ಣ ಜ್ವಾಲೆಯಿದೆ, ಸುತ್ತಲಿನ ಮುಖ್ಯ ಇಂಧನ ಶಕ್ತಿ ಏರಿಸಿದಾಗ ಮಾತ್ರ ತೆರೆಯುತ್ತದೆ. ತೆಳು ಮಿಶ್ರಣ ಥಟ್ಟನೆ ನಂದುವ ಅಪಾಯವಿದೆ, ಉರಿ ಮಿಡಿಯತೊಡಗಿ ಲೋಹ ನಡುಗುವುದೂ ಇದೆ. ಅದಕ್ಕೇ ನಡುವಿನ ಜ್ವಾಲೆಯನ್ನು ಯಾವಾಗಲೂ ಉಳಿಸಿಕೊಳ್ಳುವುದು.

ಎರಡೂ ಬಗೆಯಲ್ಲಿ ನಾಝಲ್ ಕೊಳೆಯಾದರೆ ಕೆಲಸ ಕೆಟ್ಟಿತು. ಬಿಸಿ ನಾಝಲ್‌ನೊಳಗೆ ಇಂಧನ ನಿಂತು ಬೆಂದರೆ ಕರಿಕಟ್ಟಿ ಸಣ್ಣ ತೂತುಗಳು ಅರ್ಧ ಮುಚ್ಚುತ್ತವೆ. ಸಿಂಪಡಣೆ ಒಂದೇ ಕಡೆಗೆ ಎಳೆಯುತ್ತದೆ. ಆ ಎಳೆ ಬಿದ್ದ ಕಡೆ ಗೋಡೆ ಸುಡುತ್ತದೆ, ಮಸಿ ಹೆಚ್ಚುತ್ತದೆ, ಟರ್ಬೈನ್ ಅಲಗಿಗೂ ಪೆಟ್ಟು. ಎಂಜಿನ್ ಬಿಚ್ಚದೆ ಬೋರ್‌ಸ್ಕೋಪ್ (ತೆಳು ಕೊಳವೆಯ ಕ್ಯಾಮೆರಾ) ಇಳಿಸಿ ನೋಡಿದಾಗ ದಹನಕೋಣೆಯ ಒಳಗೋಡೆಯಾದ ಲೈನರ್ ಮೇಲೆ ಬಣ್ಣಗೆಟ್ಟ ಪಟ್ಟೆ ಕಂಡರೆ ಎದುರಿನ ನಾಝಲ್ ಮೇಲೆ ಮೊದಲ ಅನುಮಾನ.

ಪ್ರಶ್ನೆ: ನಮ್ಮ ಮಾವಿನ ಎಲೆಗಳ ಮೇಲೆ, ಟೆರೇಸಿನ ನೀರಿನ ಟ್ಯಾಂಕಿನ ಮುಚ್ಚಳದ ಮೇಲೆ ಕಪ್ಪು ಪುಡಿ ಕೂತಿದೆ. ವಿಮಾನದ ಮಸಿಯಾ? (ಕೃಷಿಕರು, ಕಿನ್ನಿಗೋಳಿ)

ಉತ್ತರ: ಕಣ್ಣಿಗೆ ಕಾಣುವ ಪುಡಿಯಾದರೆ ಬಹುಮಟ್ಟಿಗೆ ಅಲ್ಲ. ಜೆಟ್ ಎಂಜಿನ್ನಿನ ಮಸಿಕಣಗಳು ಸಾಮಾನ್ಯವಾಗಿ 20ರಿಂದ 60 ನ್ಯಾನೋಮೀಟರ್. ನಮ್ಮ ತಲೆಕೂದಲಿನ ದಪ್ಪ ಅದರ ಸಾವಿರ ಪಟ್ಟಿಗೂ ಹೆಚ್ಚು. ಅಷ್ಟು ಚಿಕ್ಕ ಕಣ ಭಾರಕ್ಕೆ ಕೆಳಗೆ ಬೀಳುವುದಿಲ್ಲ, ಗಾಳಿಯಲ್ಲೇ ತೇಲುತ್ತ ಹೋಗುತ್ತದೆ. ಎಲೆ ಮೇಲೆ ಪುಡಿಯಾಗಿ ಕೂರಬೇಕಾದರೆ ಕಣ ನೂರಾರು ಪಟ್ಟು ದೊಡ್ಡದಿರಬೇಕು.

ಮಾವಿನ ಎಲೆಯನ್ನು ಹತ್ತಿರದಿಂದ ನೋಡಿ. ಕಪ್ಪು ಪದರ ತೆಳು ಕಾಗದದಂತೆ ಸುಲಿದು ಬರುತ್ತಿದ್ದರೆ, ಅಡಿಯಲ್ಲಿ ಎಲೆ ಹಸಿರಾಗಿಯೇ ಇದ್ದು ಅಂಟಂಟಾಗಿದ್ದರೆ ಅದು ಬೂಷ್ಟು. ಜಿಗಿಹುಳು ಅಥವಾ ಹಿಟ್ಟು ತಿಗಣೆ ಸೂಸುವ ಸಿಹಿ ಅಂಟಿನ ಮೇಲೆ ಬೆಳೆಯುತ್ತದೆ. ಮದ್ದು ಹುಳಕ್ಕೆ ಬೇಕು. ಟ್ಯಾಂಕಿನ ಮುಚ್ಚಳವನ್ನು ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ. ಕೈಗೆ ಜಿಡ್ಡು ಹತ್ತಿದರೆ ಹತ್ತಿರದ ಡೀಸೆಲ್ ಲಾರಿ, ಜನರೇಟರ್ ಅಥವಾ ಕಸ ಸುಡುವ ಜಾಗವನ್ನು ನೋಡಿ. ಉಜ್ಜಿದರೂ ಬಿಡದೆ ಸಿಮೆಂಟಿನೊಳಗೆ ಇಳಿದ ಕಪ್ಪು ನಮ್ಮ ಮಳೆಗಾಲದ ಪಾಚಿಯದ್ದು.

ಹಾಗಂತ ವಿಮಾನದ ಮಸಿ ನಿರುಪದ್ರವಿಯಲ್ಲ. ಚಿಕ್ಕದಾದಷ್ಟೂ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ. ಇಂಧನ ಹೆಚ್ಚಿದ್ದು ಗಾಳಿ ಸಾಲದ ಜೇಬುಗಳಲ್ಲಿ ಅದು ಹುಟ್ಟುತ್ತದೆ. ಅಲ್ಲಿ ಇಂಧನ ಒಡೆದು ಅಸಿಟಿಲೀನ್ ಆಗಿ, ಅದು ಇಂಗಾಲದ ಉಂಗುರವಾಗಿ, ಉಂಗುರಗಳು ಕೂಡಿ ಹಾಳೆಯಾಗಿ, ಹಾಳೆಗಳು ಅಂಟಿ ಕಣವಾಗುತ್ತವೆ. ಇಂಧನದಲ್ಲಿ ಮೊದಲೇ ಉಂಗುರ ಇದ್ದರೆ, ಅದರಲ್ಲೂ ಎರಡು ಉಂಗುರದ ನ್ಯಾಫ್ತಲೀನ್ ಇದ್ದರೆ, ಅರ್ಧ ಕೆಲಸ ಮುಗಿದ ಹಾಗೆ. ಹುಟ್ಟಿದ ಮಸಿಯ ಬಹುಪಾಲು ಹಿಂಭಾಗದ ಬಿಸಿ ಗಾಳಿಯಲ್ಲಿ ಮತ್ತೆ ಉರಿದುಹೋಗುತ್ತದೆ, ಉಳಿದದ್ದು ಹೊರಗೆ.

ಮೊದಲು ಇದನ್ನು ಅಳೆಯುತ್ತಿದ್ದದ್ದು ಬಿಳಿ ಸೋಸುಕಾಗದದಿಂದ. ಕಾಗದದ ಪ್ರತಿ ಚದರ ಮೀಟರಿಗೆ 16.2 ಕಿಲೋ ಅನಿಲ ಬೀಳುವ ಲೆಕ್ಕದಲ್ಲಿ ಹಾಯಿಸಿ, ಕಾಗದ ಎಷ್ಟು ಕಪ್ಪಾಯಿತು ಎಂದು ಅದರಿಂದ ಮರಳುವ ಬೆಳಕನ್ನು ಅಳೆದು ನೋಡುತ್ತಿದ್ದರು. ಅದು ಕಣ್ಣಿಗೆ ಕಾಣುವ ಹೊಗೆಗೆ ಸರಿ. ಈಗ ಕಣಗಳ ತೂಕ ಮತ್ತು ಎಣಿಕೆ ಎರಡಕ್ಕೂ ಮಿತಿ ಬಂದಿದೆ.

ಪ್ರಶ್ನೆ: ವಿಮಾನದ ಇಂಧನ ಅಂದರೆ ಶುದ್ಧ ಮಾಡಿದ ಚಿಮಿಣಿ ಎಣ್ಣೆಯೇ ಅಲ್ಲವೇ? ಅದರಲ್ಲಿ ಗಂಧಕ ಇರುತ್ತದೆಯೇ? (ಟ್ಯಾಂಕರ್ ಚಾಲಕರು, ಪಣಂಬೂರು)

ಉತ್ತರ: ಜಾತಿ ಅದೇ, ಪರೀಕ್ಷೆ ಮಾತ್ರ ಬಹಳ ಕಟ್ಟುನಿಟ್ಟು. ಸುರತ್ಕಲ್ ಬಳಿಯ ಎಂಆರ್‌ಪಿಎಲ್ ಸಂಸ್ಕರಣಾಗಾರವೂ ಇದನ್ನು ತಯಾರಿಸುತ್ತದೆ. ಜೆಟ್ ಎ–1 ಇಂಧನ –47 ಡಿಗ್ರಿಯ ತನಕ ಹೆಪ್ಪುಗಟ್ಟಬಾರದು, 38 ಡಿಗ್ರಿಗಿಂತ ಕೆಳಗೆ ಅದರ ಆವಿಗೆ ಬೆಂಕಿ ಹತ್ತಬಾರದು, ಉಂಗುರ ರಚನೆಯ ಆರೋಮ್ಯಾಟಿಕ್‌ಗಳು ಶೇ. 25ರ ಆಚೀಚೆಯ ಮಿತಿ ದಾಟಬಾರದು.

ಗಂಧಕದ ವಿಷಯದಲ್ಲಿ ನಿಯಮ ಸಡಿಲ. ನಿಮ್ಮ ಲಾರಿಯ ಬಿಎಸ್–6 ಡೀಸೆಲ್‌ನಲ್ಲಿ ಹತ್ತು ಲಕ್ಷಕ್ಕೆ 10 ಭಾಗ ಮಿತಿಯಾದರೆ, ಜೆಟ್ ಇಂಧನಕ್ಕೆ 3,000 ಭಾಗದ ತನಕ ಅನುಮತಿ. ನಿಜವಾಗಿ ಇರುವುದು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕಡಿಮೆ. ಆದರೂ ಇಷ್ಟು ಅಂತರ ಏಕೆ ಉಳಿಯಬೇಕು ಎಂದು ಗಟ್ಟಿಯಾಗಿ ಕೇಳುವ ಹೊತ್ತು ಇದು. ಏಕೆಂದರೆ ಎಂಜಿನ್ ವಿನ್ಯಾಸ ಎಷ್ಟೇ ಚೆನ್ನಾಗಿರಲಿ, ಇಂಧನದಲ್ಲಿದ್ದ ಗಂಧಕವೆಲ್ಲ ಹೊರಬರಲೇಬೇಕು. ಬಹುಪಾಲು ಸಲ್ಫರ್ ಡೈಆಕ್ಸೈಡ್ ಆಗಿ, ಸ್ವಲ್ಪ ಗಂಧಕಾಮ್ಲವಾಗಿ. ಆ ಆಮ್ಲ ಹೊರಗಿನ ತಂಪಿನಲ್ಲಿ ಹೊಸ ಕಣಗಳನ್ನು ಹುಟ್ಟಿಸುತ್ತದೆ.

ಕರಾವಳಿಯಲ್ಲಿ ಇನ್ನೊಂದು ತೊಂದರೆ. ಕಡಲ ಗಾಳಿಯ ಉಪ್ಪಿನ ಸೋಡಿಯಂ, ಇಂಧನದ ಗಂಧಕ ಕೂಡಿದರೆ ಸೋಡಿಯಂ ಸಲ್ಫೇಟ್. ಅದು ಟರ್ಬೈನ್ ಅಲಗಿನ ಮೇಲೆ ಕರಗಿ ಕೂತು ರಕ್ಷಣಾ ಪದರವನ್ನು ತಿನ್ನುತ್ತದೆ. ಅದೇ ಉಪ್ಪು ಕಂಪ್ರೆಸರ್ ಅಲಗಿಗೆ ಅಂಟಿದರೆ ಗಾಳಿ ಒತ್ತುವ ಬಲ ಕುಗ್ಗಿ, ಅಷ್ಟೇ ನೂಕುಬಲಕ್ಕೆ ಹೆಚ್ಚು ಇಂಧನ ಬೇಕು. ಎಂಜಿನ್ನನ್ನು ಉರಿಸದೆ ತಿರುಗಿಸುತ್ತ ಕಂಪ್ರೆಸರ್‌ಗೆ ಶುದ್ಧ ನೀರು ಹೊಡೆದು ತೊಳೆಯುವುದು ಅದಕ್ಕೇ.

ಪ್ರಶ್ನೆ: ಮಲ್ಪೆ ಕಡಲ ಮೇಲೆ ಕೆಲವು ದಿನ ವಿಮಾನದ ಹಿಂದೆ ಬಿಳಿ ಗೆರೆ ಉದ್ದಕ್ಕೆ ಉಳಿಯುತ್ತದೆ, ಕೆಲವು ದಿನ ಇಲ್ಲ. ಅದು ಹೊಗೆಯೇ? (ಹೈಸ್ಕೂಲ್ ವಿದ್ಯಾರ್ಥಿನಿ, ಉಡುಪಿ)

ಉತ್ತರ: ಅದು ಮಂಜುಗಡ್ಡೆಯ ಹರಳು. ಒಂದು ಕಿಲೋ ಇಂಧನ ಉರಿದರೆ ಸುಮಾರು 1.24 ಕಿಲೋ ನೀರಿನ ಆವಿ ಬರುತ್ತದೆ (ಕಾರ್ಬನ್ ಡೈಆಕ್ಸೈಡ್ 3.16 ಕಿಲೋ). ಹೊರಗೆ –40 ಡಿಗ್ರಿಗಿಂತಲೂ ಚಳಿ ಇದ್ದರೆ ಈ ಆವಿ ಮಸಿಕಣಗಳ ಸುತ್ತ ಕಟ್ಟಿ ಕ್ಷಣದಲ್ಲಿ ಹರಳಾಗುತ್ತದೆ. ಮೇಲಿನ ಗಾಳಿ ಒಣಗಿದ್ದರೆ ಗೆರೆ ಬೇಗ ಮಾಯ, ತೇವವಿದ್ದರೆ ಹರಡಿ ಮೋಡವಾಗಿ ಗಂಟೆಗಟ್ಟಲೆ ನಿಲ್ಲುತ್ತದೆ, ನೆಲದ ಶಾಖ ಮೇಲೆ ಹೋಗದಂತೆ ತಡೆಯುತ್ತದೆ. ನಿನಗೆ ಕಾಣುವ ಗೆರೆ ತುಂಬಾ ಎತ್ತರದಲ್ಲಿ ದೂರದೂರಿಗೆ ಹೋಗುವ ವಿಮಾನದ್ದು. ಬಜ್ಪೆಗೆ ಇಳಿಯುತ್ತಿರುವುದರ ಹಿಂದೆ ಇದು ಕಾಣದು. ಮಳೆಗಾಲದಲ್ಲಿ ಇಳಿಯುವ ವಿಮಾನದ ರೆಕ್ಕೆಯಂಚಿನಿಂದ ಬಿಳಿ ಎಳೆ ಬಂದರೆ ಅದು ಒತ್ತಡ ಇಳಿದಾಗ ಗಾಳಿಯದೇ ತೇವ ಮಂಜಾಗುವುದು, ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಸಸ್ಯಜನ್ಯ ಇಂಧನ ಬಂದರೆ ಇದೆಲ್ಲ ನಿಲ್ಲುತ್ತದೆಯೇ? (ಓದುಗರು, ಮಣಿಪಾಲ)

ಉತ್ತರ: ಮಸಿ ಮತ್ತು ಗಂಧಕ ಇಳಿಯುತ್ತವೆ, ಏಕೆಂದರೆ ಅಂಥ ಇಂಧನದಲ್ಲಿ ಉಂಗುರ ರಚನೆಯೂ ಗಂಧಕವೂ ಬಹುತೇಕ ಇರುವುದಿಲ್ಲ. ನೈಟ್ರೋಜನ್ ಆಕ್ಸೈಡ್ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ಅದರ ಸಾರಜನಕ ಬರುವುದು ಗಾಳಿಯಿಂದ. ಈಗ ಸಾಮಾನ್ಯ ಇಂಧನಕ್ಕೆ ಗರಿಷ್ಠ ಅರ್ಧದಷ್ಟು ಬೆರೆಸಲು ಒಪ್ಪಿಗೆಯಿದೆ. ನಮ್ಮ ದೇಶದಲ್ಲಿ 2018ರ ಆಗಸ್ಟ್‌ನಲ್ಲಿ ಡೆಹ್ರಾಡೂನ್‌ನಿಂದ ದಿಲ್ಲಿಗೆ ಇಂಥ ಮಿಶ್ರಣದಿಂದ ವಿಮಾನ ಹಾರಿತ್ತು.

ಪ್ರಶ್ನೆ: ನಾವು ವಿಮಾನದ ಪಕ್ಕದಲ್ಲೇ ಲಗೇಜು ಏರಿಸಿ ಇಳಿಸುವವರು. ಎಂಜಿನ್ ನಿಂತಮೇಲೂ ಬಾಲದಿಂದ ಬಿಸಿ ಹೊಗೆ ಬರುತ್ತಿರುತ್ತದೆ. ಕಡಿಮೆ ಮಾಡಲು ದಾರಿ ಇದೆಯೇ? (ನಿಲ್ದಾಣದ ಕೆಲಸಗಾರರು, ಮಂಗಳೂರು)

ಉತ್ತರ: ಅದು ಎಪಿಯು, ಬಾಲದೊಳಗಿನ ಚಿಕ್ಕ ಜೆಟ್ ಎಂಜಿನ್. ವಿಮಾನ ನಿಂತಾಗ ಕರೆಂಟು, ಎಸಿ ಕೊಡುವುದು ಅದರ ಕೆಲಸ. 737ರಲ್ಲಿ ಗಂಟೆಗೆ ಸುಮಾರು 100 ಕಿಲೋ ಇಂಧನ ಬೇಕು. ಮುಕ್ಕಾಲು ಗಂಟೆ ನಿಂತರೆ 75 ಕಿಲೋ ನಿಮ್ಮ ತಲೆಯ ಮೇಲೆಯೇ ಉರಿಯುತ್ತದೆ. ನೆಲದ ಕರೆಂಟಿನ ಕೇಬಲ್ ಕೊಟ್ಟರೆ ಇದನ್ನು ಆರಿಸಬಹುದು. ಆದರೆ ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ ಬರೀ ಕರೆಂಟು ಕೊಟ್ಟರೆ ಕ್ಯಾಬಿನ್ ಕಾಯುತ್ತದೆ, ಸಿಬ್ಬಂದಿ ಮತ್ತೆ ಎಪಿಯು ಹಾಕುತ್ತಾರೆ. ಕರೆಂಟಿನ ಜೊತೆ ತಂಪು ಗಾಳಿಯ ಕೊಳವೆಯನ್ನೂ ಜೋಡಿಸಿದರೆ ಮಾತ್ರ ಅದು ನಿಜವಾಗಿ ಆರುತ್ತದೆ. ಕೇಬಲ್ ಕೊಡುವ ಗಾಡಿಯೇ ಹಳೆಯ ಡೀಸೆಲ್ ಜನರೇಟರ್ ಆಗಿದ್ದರೆ ಹೊಗೆ ಬಾಲದಿಂದ ನಿಮ್ಮ ಮುಖದ ಎತ್ತರಕ್ಕೆ ಇಳಿದಂತಾಗುತ್ತದೆ, ಅದನ್ನು ಗಾಳಿ ಹೋಗುವ ಬದಿಗೆ ನಿಲ್ಲಿಸುವಂತೆ ಹೇಳಿ.

ಇಳಿದ ವಿಮಾನ ಒಂದೇ ಎಂಜಿನ್ನಿನಲ್ಲಿ ನಿಲುಗಡೆಗೆ ಬರುವುದು ಇನ್ನೊಂದು ದಾರಿ. ಆರಿಸುವ ಮೊದಲು ಆ ಎಂಜಿನ್ ಸುಮಾರು ಮೂರು ನಿಮಿಷ ಐಡ್ಲಿಂಗ್‌ನಲ್ಲಿ ತಣಿಯಬೇಕು. ದಾರಿ ಅಷ್ಟು ಉದ್ದ ಇಲ್ಲದಿದ್ದರೆ ಲಾಭವಿಲ್ಲ, ಉಳಿದ ಎಂಜಿನ್ನಿಗೆ ತಿರುವಿನಲ್ಲಿ ಹೆಚ್ಚು ಶಕ್ತಿ ಕೊಡಬೇಕಾಗಿಯೂ ಬರುತ್ತದೆ.

ನಿಮ್ಮ ಮಟ್ಟಿಗೆ, ಬೆಲ್ಟ್ ಲೋಡರ್ ಹತ್ತಿರ ಕಾಯುವಾಗ ವಿಮಾನದ ಮೂಗಿನ ಭಾಗದ ಕಡೆ, ಗಾಳಿ ಬರುವ ದಿಕ್ಕಿಗೆ ನಿಲ್ಲಿ. ಬಟ್ಟೆಯ ಮಾಸ್ಕ್ ಈ ಕಣಗಳನ್ನು ತಡೆಯದು. ಎನ್95 ಮುಖಕ್ಕೆ ಸರಿಯಾಗಿ ಕೂತರೆ ಕಣಗಳನ್ನು ತಡೆಯುತ್ತದೆ, ಆದರೆ ಫಾರ್ಮಾಲ್ಡಿಹೈಡ್, ನೈಟ್ರೋಜನ್ ಡೈಆಕ್ಸೈಡ್‌ನಂಥ ಅನಿಲಗಳು ಅದರಲ್ಲಿ ಹಾದುಬರುತ್ತವೆ. ಪಾಳಿಯಲ್ಲಿ ಕಣ್ಣುರಿ, ತಲೆನೋವು ಪದೇ ಪದೇ ಬಂದರೆ ದಿನ, ಹೊತ್ತು, ಯಾವ ನಿಲುಗಡೆ, ಗಾಳಿ ಯಾವ ಕಡೆಯಿಂದ ಎಂದು ಬರೆದಿಟ್ಟು ಸುರಕ್ಷತಾ ವಿಭಾಗಕ್ಕೆ ಲಿಖಿತವಾಗಿ ಕೊಡಿ.